ಎರಡೂ ಬಲತೋಳಿನ ಕೋಟು

ನಮ್ಮಣ್ಣ ಕಟಿಂಗ್ ಮಾಸ್ಟರ್. ಹಾಗೆಂದರೆ ನಮ್ಮ ಟೈಲರ್ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವ ಹಕ್ಕು ಅವನೊಬ್ಬನದೇ. ಹೊಲಿಯಲು ಮೂವರಿದ್ದಾರೆ, ಕಾಜಾ ಗುಂಡಿಗೆ ಒಬ್ಬಾಕೆ ಇದ್ದಾರೆ, ಇಸ್ತ್ರಿಗೆ ನಾನಿದ್ದೇನೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಇಸ್ತ್ರಿ ತಪ್ಪಿದರೆ ನೀರು ಚಿಮುಕಿಸಿ ಮತ್ತೆ ಎಳೆಯಬಹುದು. ಕತ್ತರಿ ತಪ್ಪಿದರೆ ಮಾತ್ರ ಕೈಕೈ ಹಿಸುಕಿಕೊಳ್ಳಬೇಕು, ಅಷ್ಟೇ. ಅದಕ್ಕೇ ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಾರೆ. ಕೋಪ ಬಂದಾಗ ಅತ್ತಿಗೆಯೂ ಹಾಗೇ ಕರೆಯುತ್ತಾರೆ.

ಅವನು ಕುಡಿಯುತ್ತಿದ್ದ. 'ಸ್ವಲ್ಪ ಅಭ್ಯಾಸವಿತ್ತು' ಎಂದು ಬೆಣ್ಣೆ ಹಚ್ಚಿ ಹೇಳುವುದು ನನಗೆ ಬರುವುದಿಲ್ಲ. ಮೊದಲು ಸಂಜೆ ಮಾತ್ರ, ಆಮೇಲೆ ಊಟದ ಹೊತ್ತಿಗೂ, ಕೊನೆಕೊನೆಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ. ಕೈ ನಡುಗುವುದು ನಿಲ್ಲಲಿ ಎಂದು ಕುಡಿಯುತ್ತಿದ್ದ, ಕುಡಿದದ್ದಕ್ಕೆ ಮರುದಿನ ಕೈ ಇನ್ನಷ್ಟು ನಡುಗುತ್ತಿತ್ತು. ಆಗ ನಾನೇನು ಮಾಡಿದೆ? ದೊಡ್ಡ ಬುದ್ಧಿವಂತೆಯಲ್ಲವೇ ನಾನು! ಅವನು ಬಟ್ಟೆಯ ಮೇಲೆ ಸುಣ್ಣದ ಬಿಲ್ಲೆಯಿಂದ ಗುರುತು ಹಾಕಿ ಟೀ ಕುಡಿಯಲು ಹೋದಾಗ, ಟೇಪು ಹಿಡಿದು ಅವನ ಗೆರೆಗಳನ್ನೆಲ್ಲ ತಾಳೆ ನೋಡುತ್ತಿದ್ದೆ. ಎಲ್ಲಿ ಗೆರೆ ದಾರಿ ತಪ್ಪಿದೆಯೋ ಅಲ್ಲಿ ಕೊಡವಿ ಹೊಸದು ಎಳೆಯುತ್ತಿದ್ದೆ. ಗಿರಾಕಿಗಳು ಕೇಳಿದರೆ ಮಾಸ್ಟರಿಗೆ ಜ್ವರ ಎನ್ನುತ್ತಿದ್ದೆ. ನನ್ನ ಬಾಯಿಂದ ಅಣ್ಣನಿಗೆ ಬಂದಷ್ಟು ಜ್ವರ ಒಂದಿಡೀ ಆಸ್ಪತ್ರೆಗೂ ಬಂದಿರಲಿಕ್ಕಿಲ್ಲ. ಆರು ವರ್ಷ ಹೀಗೇ ನಡೆಸಿದೆ. ಅವನನ್ನು ಕಾಪಾಡುತ್ತಿದ್ದೇನೆ ಎಂಬ ಜಂಬ ಬೇರೆ.

ಅವನ ಒಬ್ಬಳೇ ಮಗಳಿಗೆ ರೈಲು ಓಡಿಸುವ ಕೆಲಸದ ತರಬೇತಿಗೆ ಕರೆ ಬಂತು. ಇಲಾಖೆಯವರು ಕಡುನೀಲಿ ಬಟ್ಟೆ ಕೊಟ್ಟು ಕೋಟು ಹೊಲಿಸಿಕೊಂಡು ಬನ್ನಿ ಎಂದಿದ್ದರು. ಅವಳು ಬೇರೆ ಯಾರ ಹತ್ತಿರ ಹೋದಾಳು? ನೇರ ಬಂದು ಬಟ್ಟೆಯನ್ನು ಅಪ್ಪನ ಮೇಜಿನ ಮೇಲೆ ಇಟ್ಟಳು. ಇಲಾಖೆಯ ಬಟ್ಟೆ ಅಳೆದು ತೂಗಿ ಕೊಟ್ಟದ್ದು, ಒಂದು ಗೇಣು ಹೆಚ್ಚಿಲ್ಲ. ಸಾಮಾನ್ಯವಾಗಿ ಬಟ್ಟೆಯನ್ನು ಮಡಿಸಿ ಒಂದೇ ಸಲಕ್ಕೆ ಎರಡು ತೋಳು ಕತ್ತರಿಸುತ್ತಾರೆ, ಆಗ ಎಡ ಬಲ ತಾನಾಗಿ ಬರುತ್ತವೆ. ಬಟ್ಟೆ ಕಡಿಮೆ ಇದ್ದಾಗ ಬಿಡಿಸಿ ಒಂದೊಂದೇ ತೋಳು ಕತ್ತರಿಸಬೇಕು. ಆಗ ಎರಡನೆಯ ತೋಳಿಗೆ ಅಳತೆಯ ಕಾಗದವನ್ನು ಮಗುಚಿ ಇಡಬೇಕು. ಅಣ್ಣ ಮಗುಚಲು ಮರೆತ. ನಾನು ಅವತ್ತು ಹಲ್ಲು ಕೀಳಿಸಿಕೊಳ್ಳಲು ರಜ ಹಾಕಿದ್ದೆ, ಹಾಗಾಗಿ ಗೆರೆ ನೋಡುವವರು ಯಾರೂ ಇರಲಿಲ್ಲ. ಎರಡೂ ಬಲತೋಳೇ ಆದವು.

ಹೊಲಿಯುವಾತ ತೋಳು ಕೂಡಿಸಲು ಹೋಗಿ, ಎರಡನ್ನೂ ಎತ್ತಿ ಹಿಡಿದು, ಮೇಜಿನ ಮೇಲೆ ಇಟ್ಟನಂತೆ. ಹುಡುಗಿ ರೆಡಿಮೇಡ್ ಕೋಟು ಹಾಕಿಕೊಂಡು ತರಬೇತಿಗೆ ಹೋದಳು. ಅದು ಭುಜದಲ್ಲಿ ಹಿಡಿಯುತ್ತಿತ್ತು, ಮಣಿಕಟ್ಟಿನ ಮೇಲೆ ಎರಡು ಬೆರಳು ಗಿಡ್ಡವಿತ್ತು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ನಮ್ಮ ಯಜಮಾನಮ್ಮ ಕೂಗಾಡುವ ಹೆಂಗಸಲ್ಲ. ಅಂಗಡಿ ಅವರ ಅಪ್ಪನದು, ಅವರಿಗೂ ಕತ್ತರಿಸುವ ಕೆಲಸ ಬರುತ್ತದೆ. ಅಣ್ಣನ ದೊಡ್ಡ ಕತ್ತರಿಯನ್ನು ತೆಗೆದು, ಒರೆಸಿ, ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಕನ್ನಡಕದ ಡಬ್ಬಿಗೆ ಸೇರಿಸಿದರು.

"ನೂರು ದಿನ ಗ್ಲಾಸು ಮುಟ್ಬೇಡಿ ಮಾಸ್ಟರ್," ಎಂದರು. "ನೂರೊಂದನೇ ದಿನ ನಾನೇ ತೆಗೆದು ಕೊಡ್ತೀನಿ. ಅಲ್ಲೀವರೆಗೂ ಗುಂಡಿ ಹಾಕಿ."

ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದ ಮನುಷ್ಯ ಕಾಜಾ ಹಾಕುವಾಕೆಯ ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹೊಲಿಯತೊಡಗಿದ. ಹಾಳಾದ ಕೋಟನ್ನು ಹಿಂದಿನ ಗೋಡೆಯ ಮೊಳೆಗೆ ತಾನೇ ನೇತುಹಾಕಿದ. ಎಡಗಡೆ ತೋಳಿಲ್ಲ, ಹೆಚ್ಚಾದ ಬಲತೋಳು ಜೇಬಿನಲ್ಲಿ. ಕುಡಿತ ಬಿಡುತ್ತೇನೆಂದು ಮಗಳ ಮೇಲೆ ಆಣೆ ಇಟ್ಟ, ಒಂಬತ್ತು ದಿನ ನಡೆಯಿತು. ಅತ್ತಿಗೆಯ ಮೇಲೆ ಇಟ್ಟ, ನಾಲ್ಕು ದಿನ. ನನ್ನ ಮೇಲೆ ಇಡಲು ಬಂದಾಗ ನನಗಿನ್ನೂ ಬದುಕುವ ಆಸೆಯಿದೆ ಎಂದೆ. ಹೀಗೇ ಎಂಟು ತಿಂಗಳು ಕಳೆಯಿತು.

ಇಸ್ತ್ರಿ ಮಾಡುವವರಿಗೆ ಒಂದು ನಿಯಮವಿದೆ. ಯಾವ ಉಡುಪೇ ಬರಲಿ, ಮೊದಲು ಜೇಬುಗಳನ್ನೆಲ್ಲ ತಡವಬೇಕು. ಒಳಗೆ ಏನಾದರೂ ಉಳಿದಿದ್ದರೆ ಇಸ್ತ್ರಿ ಅದರ ಮೇಲೆ ಹೋದಾಗ ಬಟ್ಟೆಗೆ ಅದರ ಅಚ್ಚು ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ನಾನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೇನೆ. ಬಸ್ ಚೀಟಿ, ಬಾಚಣಿಗೆ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಜನರ ಜೇಬು ನೋಡಿದರೆ ಜನರನ್ನು ನೋಡಿದ ಹಾಗೆಯೇ, ಈ ಮಾತಿನಲ್ಲಿ ನನ್ನನ್ನು ಸೋಲಿಸುವವರಿಲ್ಲ.

ಲಿಫ್ಟ್ ರಿಪೇರಿ ಮಾಡುವವರೊಬ್ಬರು ಐದು ಪ್ಯಾಂಟು ತಂದು ಎಲ್ಲದರ ಸೊಂಟ ಚಿಕ್ಕದು ಮಾಡಲು ಕೊಟ್ಟಿದ್ದರು. ಒಂದರ ಜೇಬಿನಲ್ಲಿ ಹಿತ್ತಾಳೆಯ ಬಿಲ್ಲೆ ಸಿಕ್ಕಿತು. ಒಂದು ಮುಖದಲ್ಲಿ 'ಒಂದು ವರ್ಷ', ಇನ್ನೊಂದರಲ್ಲಿ 'ಇವತ್ತಿಗೆ ಇವತ್ತು' ಎಂದು ಕೆತ್ತಿತ್ತು. ಯಾವುದೋ ಗಡಿಯಾರದ ವಾರಂಟಿ ಇರಬೇಕು ಎಂದುಕೊಂಡೆ. ಅವರು ಬಂದಾಗ ಕೊಟ್ಟೆ. ಅವರ ಮುಖ ಅರಳಿದ ರೀತಿ ನೋಡಿ, ನನ್ನ ಬಾಯಿ ಸುಮ್ಮನಿರಲಾರದೆ, ಇದೇನು ಎಂದು ಕೇಳಿಯೇಬಿಟ್ಟೆ. ಅವರು ಒಂದಿಷ್ಟೂ ಮುಚ್ಚುಮರೆ ಮಾಡಲಿಲ್ಲ. ತಾನು ಕುಡಿತ ಬಿಟ್ಟು ಒಂದು ವರ್ಷವಾಯಿತು, ಹೊಟ್ಟೆ ಕರಗಿದ್ದರಿಂದಲೇ ಈ ಪ್ಯಾಂಟುಗಳ ಗತಿ ಹೀಗಾಯಿತು, ಬಿಡಬೇಕೆನ್ನುವವರೆಲ್ಲ ಸೋಮವಾರ ಮತ್ತು ಗುರುವಾರ ಸಂಜೆ ಆರಕ್ಕೆ ಲೈಬ್ರರಿಯ ಮಹಡಿಯ ಮೇಲೆ ಸೇರುತ್ತೇವೆ ಎಂದರು. ಹೆಸರು ಬರೆಸಬೇಕಿಲ್ಲ, ಯಾರೂ ವಿಳಾಸ ಕೇಳುವುದಿಲ್ಲ. ಇಷ್ಟು ಹೇಳುವಾಗ ಅವರ ಕಣ್ಣು ಗುಂಡಿ ಹೊಲಿಯುತ್ತಿದ್ದ ಅಣ್ಣನ ಕೈಯ ಮೇಲಿತ್ತು. ಸೂಜಿ ಮೂರನೆಯ ಸಲವೂ ಗುಂಡಿಯ ತೂತು ತಪ್ಪಿಸಿಕೊಂಡಿತು. ಅವರು ಪ್ಯಾಂಟು ತೆಗೆದುಕೊಂಡು ಹೊರಟುಹೋದರು.

ಎಲ್ಲ ಕೇಳಿಸಿಕೊಂಡಿದ್ದ ಅಣ್ಣ ಸೋಮವಾರ ಲೈಬ್ರರಿಗೆ ಹೋದ. ಎಂಟಕ್ಕೆ ಕೈಯಲ್ಲೊಂದು ಪುಟ್ಟ ಹೂಕುಂಡ ಹಿಡಿದು ಮನೆಗೆ ಬಂದ. ಅತ್ತಿಗೆ ನನಗೆ ಫೋನ್ ಮಾಡಿದರು, ನಾನು ಓಡಿದೆ. ಹೇಗಿತ್ತು ಎಂದು ಕೇಳಿದರೆ, ಜನ ಬಹಳ ಒಳ್ಳೆಯವರು, ಆದರೆ ಕುಡಿತದ ಮಾತನ್ನೇ ಯಾರೂ ಎತ್ತಲಿಲ್ಲ, ಬರೀ ಗೊಬ್ಬರದ ವಿಷಯ ಎಂದ. ಮಹಡಿಯ ಮೇಲೆ ಎರಡು ಕೋಣೆಗಳಿದ್ದವು. ಅವನು ಒಂದೂವರೆ ಗಂಟೆ ಕುಂಡದ ಗಿಡ ಬೆಳೆಸುವವರ ಸಂಘದಲ್ಲಿ ಕೂತು, ಬೇರು ಕೊಳೆಯದ ಹಾಗೆ ನೀರು ಹಾಕುವುದು ಹೇಗೆಂದು ಕಲಿತು ಬಂದಿದ್ದ. ತಪ್ಪು ಬಾಗಿಲು ಎಂದು ಹತ್ತು ನಿಮಿಷಕ್ಕೇ ಗೊತ್ತಾಯಿತಂತೆ. ಏಳಲು ಧೈರ್ಯ ಬರಲಿಲ್ಲವಂತೆ. ಪಕ್ಕದ ಕೋಣೆಗೆ ಹೋಗುವುದಕ್ಕಿಂತ ಗೊಬ್ಬರವೇ ಹಿತವೆನಿಸಿತಂತೆ. ಅತ್ತಿಗೆ ಎಷ್ಟೋ ತಿಂಗಳ ಮೇಲೆ ಮನಸಾರೆ ನಕ್ಕರು. ನಕ್ಕು ಕಣ್ಣೊರೆಸಿಕೊಂಡು ಕುಂಡವನ್ನು ಕಿಟಕಿಯಲ್ಲಿಟ್ಟರು.

ಗುರುವಾರ ನಾನೇ ಜೊತೆಗೆ ಹೋಗಿ, ಸರಿಯಾದ ಬಾಗಿಲ ಮುಂದೆ ನಿಲ್ಲಿಸಿ, ಬೆನ್ನ ಮೇಲೆ ಕೈಯಿಟ್ಟು ಒಳಗೆ ತಳ್ಳಿದೆ. ಬಾಗಿಲು ಅರ್ಧ ತೆರೆದಿತ್ತು. ಹನ್ನೆರಡು ಮಡಚುವ ಕುರ್ಚಿ, ಗೋಡೆಯಲ್ಲಿ ನಿಂತುಹೋದ ಗಡಿಯಾರ, ಟೀ ಫ್ಲಾಸ್ಕು. ನಡೆಸುತ್ತಿದ್ದಾಕೆ ಶಾಲೆಯ ವ್ಯಾನ್ ಓಡಿಸುವವರು, ನಮ್ಮ ಬೀದಿಯ ಮಕ್ಕಳನ್ನು ಬಿಡುವುದೂ ಅವರೇ. ಅವರನ್ನು ಅಲ್ಲಿ ನೋಡಿ, ನಾಳೆಯಿಂದ ಮಕ್ಕಳನ್ನು ಆ ವ್ಯಾನ್ ಹತ್ತಿಸುವುದು ಹೇಗೆ ಎಂದುಕೊಂಡೆ. ಆಮೇಲೆ ಯೋಚಿಸಿದೆ. ಬೀದಿಯ ಮಕ್ಕಳೆಲ್ಲ ಸುರಕ್ಷಿತವಾಗಿ ಮನೆ ಸೇರುತ್ತಿರುವುದು ಈ ಕೋಣೆಯ ದೆಸೆಯಿಂದಲೇ ಅಲ್ಲವೇ?

ಅಲ್ಲಿ ಸರದಿಯ ಮೇಲೆ ಮಾತು. ಬೇಡವಾದರೆ ಮುಂದಿನವರು ಎನ್ನಬಹುದು. ಯಾರೂ ಬುದ್ಧಿ ಹೇಳುವಂತಿಲ್ಲ, ಯಾರ ಮಾತಿಗೂ ಅಡ್ಡ ಬಾಯಿ ಹಾಕುವಂತಿಲ್ಲ. ನನ್ನಂಥವಳಿಗೆ ಅದು ಜೈಲೇ ಸರಿ. ಅಣ್ಣ ಆರು ಸಲ ಮುಂದಿನವರು ಎಂದನಂತೆ. ಕೂತಲ್ಲಿಯೇ ಎಲ್ಲರ ಭುಜದ ಅಳತೆ ಕಣ್ಣಿನಲ್ಲೇ ತೆಗೆದನಂತೆ. ಏಳನೆಯ ಸಲ ಮಾತ್ರ ಎರಡು ಬಲತೋಳಿನ ಕಥೆ ಹೇಳಿದನಂತೆ. ಯಾರೂ ಅಯ್ಯೋ ಪಾಪ ಎನ್ನಲಿಲ್ಲವಂತೆ. ಲಿಫ್ಟಿನವರು, ತಾನೊಮ್ಮೆ ಕುಡಿದು ಲಿಫ್ಟಿನ ಮೇಲಿನ ಮತ್ತು ಕೆಳಗಿನ ಗುಂಡಿಗಳನ್ನು ಅದಲುಬದಲು ಜೋಡಿಸಿದ್ದರಿಂದ ಆಫೀಸಿನವರೆಲ್ಲ ದಿನವಿಡೀ ನೆಲಮಾಳಿಗೆಗೆ ಹೋಗುತ್ತಿದ್ದರು ಎಂದರಂತೆ. ಕೋಣೆಯೆಲ್ಲ ನಕ್ಕಿತಂತೆ. ಇದನ್ನು ನನಗೆ ಹೇಳುವಾಗ ಅಣ್ಣನೂ ನಕ್ಕ. ಅವನ ಹಲ್ಲು ನೋಡಿ ಎಷ್ಟು ದಿನವಾಗಿತ್ತೋ.

ಮೊದಲ ದಿನವೇ ಅವನಿಗೊಂದು ಬಿಳಿ ಬಿಲ್ಲೆ ಕೊಟ್ಟಿದ್ದರು, 'ಒಂದನೇ ದಿನ' ಎಂದು ಬರೆದದ್ದು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಹದಿನೈದು ದಿನವಾಯಿತು, ಮೂವತ್ತಾಯಿತು. ಐವತ್ತಾಗುವ ಹೊತ್ತಿಗೆ ಸೂಜಿ ಒಂದೇ ಏಟಿಗೆ ತೂತು ಹುಡುಕುತ್ತಿತ್ತು, ಕಾಜಾ ಹಾಕುವಾಕೆ ತನ್ನ ಕೆಲಸಕ್ಕೇ ಸಂಚಕಾರ ಬಂತೆಂದು ಗೊಣಗಿದರು. ಅಷ್ಟರಲ್ಲಿ ಹುಡುಗಿಯ ತರಬೇತಿಯೂ ಮುಗಿಯುತ್ತ ಬಂತು. ಪ್ರಮಾಣಪತ್ರ ಕೊಡುವ ಸಮಾರಂಭಕ್ಕೆಂದು ಇಲಾಖೆ ಎರಡನೆಯ ಕೋಟಿನ ಬಟ್ಟೆ ಕೊಟ್ಟಿತು. ಅವಳು ಅದನ್ನು ತಂದು ಅಪ್ಪನ ಖಾಲಿ ಮೇಜಿನ ಮೇಲೆ ಇಟ್ಟು ಹೋದಳು. ಅಣ್ಣ ಬೆರಳು ಮಡಿಚಿ ಎಣಿಸಿದ. ಸಮಾರಂಭ ಅವನ ನೂರಾ ಇಪ್ಪತ್ತನೇ ದಿನಕ್ಕೆ ಬೀಳುತ್ತಿತ್ತು. ನೂರೊಂದಕ್ಕೆ ಕತ್ತರಿ ಕೈಗೆ ಬಂದರೆ ಕೋಟಿಗೆ ಬೇಕಾದಷ್ಟು ಸಮಯವಿತ್ತು.

ಎಪ್ಪತ್ತೆಂಟನೇ ದಿನ ಒಬ್ಬ ಗಿರಾಕಿಯ ಮನೆಗೆ ಸೂಟು ತಲುಪಿಸಿ, ತೊಡಿಸಿ ನೋಡಿ ಬರಲು ಅಣ್ಣನನ್ನು ಕಳಿಸಿದರು. ಮಧ್ಯಾಹ್ನ ಮೂರಕ್ಕೆ ವಾಪಸು ಬಂದ. ನಾನು ಹಬೆ ಇಸ್ತ್ರಿಯ ಮುಂದೆ ನಿಂತಿದ್ದೆ, ಅವನು ಬಂದು ಪಕ್ಕದಲ್ಲಿ ನಿಂತ. ಹಬೆಯ ಮುಂದೆ ಯಾವ ವಾಸನೆಯೂ ಅಡಗುವುದಿಲ್ಲ. ಸೂಟು ಚೆನ್ನಾಗಿ ಕೂತಿತು ಎಂದು ಗಿರಾಕಿ ಖುಷಿಯಿಂದ ಒಂದು ಗ್ಲಾಸು ಮುಂದೆ ಹಿಡಿದಿದ್ದ. ಅಣ್ಣ ದುಃಖದಲ್ಲಿ ಕುಡಿದಿರಲಿಲ್ಲ, ಹೊಗಳಿಸಿಕೊಂಡು ಕುಡಿದಿದ್ದ. ನನಗೆ ಬಂದ ಸಿಟ್ಟಿಗೆ ಇಸ್ತ್ರಿಯನ್ನು ಅವನ ಕೆನ್ನೆಗೇ ಇಡಬೇಕೆನಿಸಿತು. ಆದರೆ ಮರುಕ್ಷಣವೇ ನನ್ನ ಹಳೆಯ ಬುದ್ಧಿ ಕೆಲಸ ಶುರುಮಾಡಿತು. ಅವನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದೆ.

"ಒಂದೇ ಗ್ಲಾಸಲ್ವಾ? ಯಾರಿಗೂ ಗೊತ್ತಾಗಿಲ್ಲ," ಎಂದೆ. "ಇನ್ನು ಇಪ್ಪತ್ತೆರಡೇ ದಿನ. ಬಾಯಿ ಮುಚ್ಕೊಂಡಿರು. ಮಗು ಕೋಟು ಹಾಕ್ಕೊಂಡು ಸಮಾರಂಭಕ್ಕೆ ಹೋಗ್ಲಿ."

"ನಿಂಗೆ ಗೊತ್ತಾಯ್ತಲ್ಲ."

"ನನ್ನ ಬಿಡು. ನಾನು ಯಾರಿಗೆ ಹೇಳ್ತೀನಿ?"

ಅಣ್ಣ ಗೋಡೆಯ ಮೊಳೆಯಲ್ಲಿದ್ದ ಕೋಟನ್ನೇ ನೋಡುತ್ತಿದ್ದ.

"ನೀನು ಹೇಳಲ್ಲ. ಆರು ವರ್ಷ ನನ್ನ ಗೆರೆ ಅಳಿಸಿ ನಿನ್ನ ಗೆರೆ ಎಳೆದೆ, ಆಗ್ಲೂ ಹೇಳ್ಲಿಲ್ಲ. ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ದೀಯಾ? ನನ್ನ ಗೆರೆ ನಂಗೆ ಗುರುತು ಸಿಗಲ್ವಾ? ತಂಗಿ ಇದ್ದಾಳಲ್ಲ, ನೋಡ್ಕೋತಾಳೆ ಅಂತ ಇನ್ನೊಂದು ಗುಟುಕು ಹಾಕ್ತಿದ್ದೆ ಕಣೇ."

  ಆರು ವರ್ಷ ಅವನನ್ನು ಕಾಪಾಡಿದ್ದೇನೆ ಎಂದು ಬೀಗಿದ್ದೆನಲ್ಲ, ಅಷ್ಟೂ ಕಾಲ ಅವನ ಗ್ಲಾಸಿಗೆ ನಾನೂ ಒಂದು ಕೈ ಕೊಟ್ಟಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

ಅವನು ಮುಖ ತೊಳೆದುಕೊಂಡ. ಅವತ್ತು ಗುರುವಾರ. ಆರಕ್ಕೆ ಲೈಬ್ರರಿಯ ಮಹಡಿ ಹತ್ತಿ, ಇವತ್ತು ಕುಡಿದೆ ಎಂದು ತಾನೇ ಮೊದಲು ಹೇಳಿದನಂತೆ. ವ್ಯಾನಿನ ಅಮ್ಮ ಎದ್ದು ಬಂದು, ಬಂದು ಒಳ್ಳೇದು ಮಾಡಿದಿರಿ ಎಂದು, ಇನ್ನೊಂದು ಬಿಳಿ ಬಿಲ್ಲೆ ಕೈಗಿಟ್ಟರಂತೆ. ಮತ್ತೆ ಒಂದನೇ ದಿನ. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವನೇ ನೇರ ಯಜಮಾನಮ್ಮನ ಮುಂದೆ ನಿಂತು ಹೇಳಿದ. ಅವರು ಕನ್ನಡಕ ತೆಗೆದು ಒರೆಸಿದರು, ಡಬ್ಬಿಯಲ್ಲಿದ್ದ ಕೀಲಿಯನ್ನು ನೋಡಿದರು, ಡಬ್ಬಿ ಮುಚ್ಚಿದರು. ಕೋಟು ನಾವೇ ಕತ್ತರಿಸಿ ಕೊಡೋಣವೇ ಎಂದು ಅವರು ಕೇಳಿದ್ದಕ್ಕೆ, ಅದು ಮಗಳು ಹೇಳಬೇಕು ಎಂದ.

ಸಂಜೆ ಮಗಳಿಗೂ ಅವನೇ ಹೇಳಿದ. ಅತ್ತಿಗೆ ಕುಂಡಕ್ಕೆ ನೀರು ಹಾಕುತ್ತಿದ್ದರು, ಹಾಕಿದ್ದೇ ಹಾಕಿದ್ದು, ನೀರು ನೆಲಕ್ಕೆ ಹರಿಯಿತು. ಹುಡುಗಿ ನೆಲಕ್ಕೆ ಒರೆಸುವ ಬಟ್ಟೆ ಹಾಕಿದಳು.

"ಸಮಾರಂಭ ಒಂದು ಗಂಟೆ ಅಪ್ಪ, ಅದಕ್ಕೆ ರೆಡಿಮೇಡ್ ಸಾಕು," ಎಂದಳು. "ಕೆಲಸ ಮೂವತ್ತು ವರ್ಷ ಇದೆ. ಅದಕ್ಕೆ ನಿಂದೇ ಬೇಕು. ಬಟ್ಟೆ ಅಲ್ಲೇ ಇರ್ಲಿ."

ಹದಿನೈದು ದಿನ ಕಳೆದ ಮೇಲೆ ಗುಂಪಿನವರು ಮನೆಯವರನ್ನೂ ಕರೆದಿದ್ದರು. ಅತ್ತಿಗೆಯೂ ನಾನೂ ಹೋದೆವು. ಸುಮ್ಮನೆ ಕೂತು ಬರೋಣ ಎಂದುಕೊಂಡಿದ್ದೆ. ಸರದಿ ನನ್ನ ಹತ್ತಿರ ಬಂದಾಗ ಮುಂದಿನವರು ಎನ್ನಲು ಬಾಯಿ ತೆರೆದೆ, ಬೇರೇನೋ ಹೊರಬಿತ್ತು. ನಾನು ಕುಡಿಯುವುದಿಲ್ಲ, ಆದರೆ ಅಣ್ಣನ ಗೆರೆ ತಿದ್ದುವ ಚಟವಿತ್ತು, ಜ್ವರವೆಂದು ಸುಳ್ಳು ಹೇಳುವ ಚಟವಿತ್ತು, ಅವನ ಕುಡಿತ ಮುಚ್ಚಿಡುವುದನ್ನು ಬಿಟ್ಟು ಇವತ್ತಿಗೆ ಹದಿನೈದು ದಿನ ಎಂದೆ. ಚಪ್ಪಾಳೆ ಬಿತ್ತು. ಲಿಫ್ಟಿನವರು ಇವರಿಗೂ ಒಂದು ಬಿಲ್ಲೆ ಕೊಡಿ ಎಂದರು. ಅಣ್ಣ ತಲೆ ಎತ್ತಲಿಲ್ಲ, ಆದರೆ ಬರುವಾಗ ಮೆಟ್ಟಿಲ ಮೇಲೆ ನನ್ನ ಚೀಲವನ್ನು ತಾನೇ ಹಿಡಿದುಕೊಂಡ.

ಸಮಾರಂಭದಲ್ಲಿ ನಾವು ಮೂರನೆಯ ಸಾಲಿನಲ್ಲಿ ಕೂತಿದ್ದೆವು. ಹುಡುಗಿ ವೇದಿಕೆ ಹತ್ತಿ ಕೈ ಚಾಚಿದಾಗ ಗಿಡ್ಡ ತೋಳು ಮೊಣಕೈಯತ್ತ ಸರಿಯಿತು. ಅಣ್ಣ ಕಣ್ಣು ತುಂಬಿಕೊಂಡು, ತುಟಿಯೊಳಗೇ ತೋಳಿನ ಅಳತೆ ಹೇಳಿಕೊಳ್ಳುತ್ತಿದ್ದ. ಅವಳು ಕೆಳಗಿಳಿದು ಬಂದವಳು ಮೊದಲು ಅಪ್ಪನ ಕೈಗೆ ಪತ್ರ ಕೊಟ್ಟಳು. ಅವನ ಕೈ ನಡುಗಿತು. ಅದು ಬೇರೆ ನಡುಕ, ಅದಕ್ಕೆ ನಾನು ಜಾಮೀನು.

ಸಮಾರಂಭ ಮುಗಿದು ಎರಡು ತಿಂಗಳಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಯಜಮಾನಮ್ಮ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ನೂರು ದಿನ ತುಂಬಿದ ಲೆಕ್ಕವನ್ನು ಅಣ್ಣ ಹೇಳುವ ಮೊದಲೇ ಡ್ರಾಯರ್ ತೆರೆದರು. ಕತ್ತರಿ ಥಳಥಳ ಹೊಳೆಯುತ್ತಿತ್ತು. ಇಷ್ಟು ತಿಂಗಳೂ ವಾರಕ್ಕೊಮ್ಮೆ ಎಣ್ಣೆ ಹಾಕಿ ಒರೆಸಿಟ್ಟಿದ್ದರಂತೆ, ಈ ಹೆಂಗಸು ನಮಗೆ ಯಾರಿಗೂ ಸುಳಿವು ಕೊಟ್ಟಿರಲಿಲ್ಲ.

ಅಣ್ಣ ಬಟ್ಟೆ ಹಾಸಿದ. ಮೊದಲಿನಷ್ಟೇ ಬಟ್ಟೆ, ಒಂದು ಗೇಣು ಹೆಚ್ಚಿಲ್ಲ. ಗುರುತು ಹಾಕಿದ, ಸುಣ್ಣದ ಬಿಲ್ಲೆ ಮೇಜಿನ ಅಂಚಿನಲ್ಲಿಟ್ಟು ಟೀ ಕುಡಿಯಲು ಹೋದ. ನನ್ನ ಬೆರಳುಗಳು ತುರಿಸಿದವು, ಸುಳ್ಳು ಹೇಳುವುದಿಲ್ಲ. ಟೇಪು ಕೊರಳಲ್ಲೇ ಇತ್ತು. ಹೋಗಿ ಇಸ್ತ್ರಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅವನು ಬಂದು ಮೊದಲು ಗೆರೆಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕತ್ತರಿ ಎತ್ತಿದ. ಬಲತೋಳು ಬಂತು. ಕಾಗದ ಎತ್ತಿದ, ಒಂದು ಕ್ಷಣ ನಿಂತ, ಮಗುಚಿಟ್ಟ. ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ಎಡತೋಳು ಬಂತು. ಯಂತ್ರಗಳು ಮತ್ತೆ ಶುರುವಾದವು.

ಐದು ದಿನಕ್ಕೆ ಕೋಟು ನನ್ನ ಮೇಜಿಗೆ ಬಂತು. ಹುಡುಗಿ ಸಂಜೆ ಬಂದು ಒಯ್ಯುವವಳಿದ್ದಳು, ಮರುದಿನ ಅವಳು ಕೆಲಸಕ್ಕೆ ಹಾಜರಾಗಬೇಕಿತ್ತು. ನಾನು ನಿಯಮದಂತೆ ಜೇಬುಗಳನ್ನು ತಡವಿದೆ. ಹೊಸ ಕೋಟಿನ ಜೇಬಿನಲ್ಲಿ ಏನಿರುತ್ತದೆ? ಆದರೂ ಎಡ ಎದೆಯ ಒಳಜೇಬಿನಲ್ಲಿ ಬೆರಳಿಗೆ ಏನೋ ತಣ್ಣಗೆ ತಾಕಿತು. ತೆಗೆದೆ. ನೂರು ದಿನ ತುಂಬಿದವರಿಗೆ ಗುಂಪಿನವರು ಕೊಡುವ ಕೆಂಪು ಬಿಲ್ಲೆ ಹಾಕಿದ್ದಾನೆ, ಮಗಳೆದುರು ಜಂಬ ಕೊಚ್ಚಿಕೊಳ್ಳಲಿ ಪಾಪ ಎಂದುಕೊಂಡೆ. ಅದು ಬಿಳಿಯದು. ಒಂದನೇ ದಿನದ್ದು, ಅವನು ಕುಡಿದು ಹೋಗಿ ಹೇಳಿ ತಂದ ಎರಡನೆಯದು. ಹಿಂಬದಿಯಲ್ಲಿ ಆ ಗುರುವಾರದ ತಾರೀಖನ್ನು ಸೂಜಿಯ ಮೊನೆಯಲ್ಲಿ ಗೀರಿಕೊಂಡಿದ್ದ.

ಅಣ್ಣ ಮೇಜಿನ ಹತ್ತಿರ ಬೇರೆ ಯಾರದೋ ಪ್ಯಾಂಟಿಗೆ ಗೆರೆ ಎಳೆಯುತ್ತಿದ್ದ, ನನ್ನ ಕಡೆ ನೋಡಲಿಲ್ಲ. ನಾನು ಬಿಲ್ಲೆಯನ್ನು ಡಬ್ಬಿಗೆ ಹಾಕಲಿಲ್ಲ. ಕೋಟಿಗೆ ಇಸ್ತ್ರಿ ಹಾಕಿದೆ, ಎರಡು ತೋಳಿಗೂ ಹಾಕಿದೆ, ಆರಲು ಬಿಟ್ಟೆ. ಆಮೇಲೆ ಬಿಲ್ಲೆಯನ್ನು ಇದ್ದ ಜೇಬಿನಲ್ಲೇ ಮತ್ತೆ ಇಟ್ಟೆ.